ಮನೆವಾರ್ತೆಯ ಲೆಕ್ಕ: ಕ್ರೈಸ್ತ ಕುಟುಂಬವು ಹಣ, ಆಸ್ತಿ ಮತ್ತು ಮನೆಮಂದಿಯನ್ನು ನಂಬಿಗಸ್ತಿಕೆಯಿಂದ ನೋಡಿಕೊಳ್ಳುವ ಬಗೆ

ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ, ಯಜಮಾನನ ಆಸ್ತಿಯನ್ನು ಹಾಳುಮಾಡುತ್ತಿದ್ದಾನೆ ಎಂಬ ದೂರಿಗೆ ಗುರಿಯಾದ ಒಬ್ಬ ಸೇವಕನ ಕಥೆಯಿದೆ. ಹಳೆಯ ಕನ್ನಡ ಸತ್ಯವೇದವು ಅವನನ್ನು 'ಮನೆವಾರ್ತೆಯವನು' ಎಂದು ಕರೆಯುತ್ತದೆ. ಮೂಲ ಗ್ರೀಕಿನ 'ಓಯ್ಕೊನೊಮೊಸ್' ಎಂಬ ಪದದಲ್ಲಿ ಮನೆ ಎಂಬ ಅರ್ಥವೂ ಅದನ್ನು ನಡೆಸುವುದು ಎಂಬ ಅರ್ಥವೂ ಕೂಡಿಕೊಂಡಿರುವುದರಿಂದ, ನಮ್ಮ ಹಿಂದಿನ ಭಾಷಾಂತರಕಾರರು ಆರಿಸಿದ ಈ ಮಾತು ತೀರ ಹೊಂದುವಂಥದ್ದು. ಈಚೆಗೆ ಸಭೆಗಳಲ್ಲಿ 'ಸ್ಟೂವರ್ಡ್‌ಶಿಪ್' (ಒಪ್ಪಿಸಿದ್ದನ್ನು ನೋಡಿಕೊಳ್ಳುವ ಹೊಣೆ) ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಆ ಹೆಸರಿನಲ್ಲಿ ನಡೆಯುವ ಪ್ರಸಂಗಗಳು ಬಹುಮಟ್ಟಿಗೆ ಕಾಣಿಕೆಯ ಮಾತಿನಲ್ಲೇ ಮುಗಿದುಹೋಗುತ್ತವೆ. ಮನೆವಾರ್ತೆ ಎಂದರೆ ಮನೆಯ ವ್ಯವಹಾರವೆಲ್ಲವೂ ಹೌದು: ಅಕ್ಕಿಯ ಡಬ್ಬಿ, ಶಾಲೆಯ ಶುಲ್ಕ, ಅತ್ತೆಯ ಔಷಧ, ಊರಿನ ಹೊಲದ ಪಹಣಿ, ಮಗಳೊಂದಿಗೆ ಕಳೆಯುವ ಸಂಜೆ. ಇವೆಲ್ಲ ಒಂದೇ ಪುಸ್ತಕದ ಪುಟಗಳು ಎಂಬ ತಿಳಿವಳಿಕೆಯಿಂದಲೇ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಕರ್ನಾಟಕದ ಸಂಬಳದ ಅಥವಾ ಸಣ್ಣ ವ್ಯಾಪಾರದ ಕುಟುಂಬವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಹಂತಗಳನ್ನು ಜೋಡಿಸಿದ್ದೇನೆ. ಹಂತಗಳ ಕ್ರಮವನ್ನು ಬದಲಾಯಿಸಬೇಡಿ ಎಂಬುದು ನನ್ನ ಕೋರಿಕೆ, ಏಕೆಂದರೆ ಇರುವುದೆಷ್ಟು ಎಂದು ತಿಳಿಯದೆ ಕೊಡಲು ಹೊರಟವರೂ, ಗಂಡಹೆಂಡಿರು ಮಾತಾಡಿಕೊಳ್ಳದೆ ಉಯಿಲು ಬರೆದವರೂ ಮತ್ತೆ ಮೊದಲಿಗೆ ಬರಬೇಕಾದುದನ್ನು, ಸಭೆಯ ಲೆಕ್ಕಪತ್ರ ನೋಡಿಕೊಂಡ ವರ್ಷಗಳಲ್ಲಿ ಹಲವು ಬಾರಿ ಕಂಡಿದ್ದೇನೆ.

ಹಂತ 1: ಇರುವುದನ್ನೆಲ್ಲ ಬರೆದಿಡಿ

ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ತೆಗೆದುಕೊಳ್ಳಿ. ಮೊಬೈಲಿನ ಆ್ಯಪ್‌ಗಳನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಮನೆಯ ಯಜಮಾನ ಹಠಾತ್ತಾಗಿ ಆಸ್ಪತ್ರೆ ಸೇರಿದ ದಿನ ಅವನ ಫೋನಿನ ಲಾಕ್ ಯಾರಿಗೂ ತಿಳಿದಿರುವುದಿಲ್ಲ.

ಮೊದಲ ಪುಟದಲ್ಲಿ ಆಸ್ತಿ ಬರಲಿ: ಬ್ಯಾಂಕ್ ಖಾತೆಗಳು, ಎಫ್.ಡಿ., ಭವಿಷ್ಯನಿಧಿ, ವಿಮೆಯ ಪಾಲಿಸಿಗಳು, ಚಿನ್ನ, ನಿವೇಶನ, ಹೊಲ, ವಾಹನ. ಪ್ರತಿಯೊಂದರ ಮುಂದೆ ಅದು ಯಾರ ಹೆಸರಿನಲ್ಲಿದೆ, ಕಾಗದ ಎಲ್ಲಿದೆ, ನಾಮಿನಿ ಯಾರು ಎಂಬ ಮೂರು ಸಂಗತಿಗಳನ್ನು ಬರೆಯಿರಿ. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿರುವ ಹೊಲ, ಖಾತೆ ಬದಲಾವಣೆಯಾಗದ ಮನೆ, ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿ ಮರೆತ ಪಾಲಿಸಿ, ಇವು ಈ ಪುಟದಲ್ಲಿಯೇ ಹೊರಬೀಳುತ್ತವೆ. ಎರಡನೆಯ ಪುಟ ಸಾಲಕ್ಕೆ: ಬ್ಯಾಂಕಿನದು, ಸಂಘದ್ದು, ಅಡವಿಟ್ಟ ಬಳೆಯದು, ಭಾವಮೈದುನನಿಂದ ಕೈಗಡ ತಂದದ್ದು, ಕಿರಾಣಿ ಅಂಗಡಿಯ ಉದ್ರಿ. ಕೈಗಡವನ್ನು ಸಾಲವೆಂದು ಬರೆಯಲು ಬಹಳ ಮಂದಿ ಹಿಂಜರಿಯುತ್ತಾರೆ. ಕೊಟ್ಟವರು ಮಾತ್ರ ಅದನ್ನು ಮರೆತಿರುವುದಿಲ್ಲ.

ಮೂರನೆಯ ಪುಟದಲ್ಲಿ ಜನರ ಹೆಸರು ಇರಲಿ. ನಿಮ್ಮನ್ನು ನಂಬಿ ಬದುಕುವವರು ಯಾರು? ಹೆಂಡತಿ ಅಥವಾ ಗಂಡ, ಮಕ್ಕಳು, ವಯಸ್ಸಾದ ತಂದೆತಾಯಿ, ವಿಧವೆಯಾದ ಅಕ್ಕ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳು. ಮತ್ತಾಯ 25ರ ಸಾಮ್ಯದ ಕಥೆಯಲ್ಲಿ ಯಜಮಾನನು ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತನ್ನು ಅವರವರ ಸಾಮರ್ಥ್ಯಕ್ಕೆ ತಕ್ಕಂತೆ ಒಪ್ಪಿಸಿ ಹೋದನು. ತಲಾಂತು ಚಿಲ್ಲರೆ ಕಾಸಾಗಿರಲಿಲ್ಲ. ಒಬ್ಬ ಕೂಲಿಯವನು ಹದಿನೈದು ಇಪ್ಪತ್ತು ವರ್ಷ ದುಡಿದರೆ ಸಿಗುವಷ್ಟು ದೊಡ್ಡ ಮೊತ್ತವಾಗಿತ್ತು. ಒಂದೇ ತಲಾಂತು ಸಿಕ್ಕಿದವನ ಕೈಯಲ್ಲೂ ಬಹಳವೇ ಇತ್ತು ಎಂಬುದನ್ನು, 'ನಮ್ಮ ಹತ್ತಿರ ಬರೆಯಲು ಏನಿದೆ' ಎನ್ನುವ ಕುಟುಂಬಗಳಿಗೆ ನಾನು ನೆನಪಿಸುವುದುಂಟು.

ಹಂತ 2: ಗಂಡಹೆಂಡಿರು ಒಂದು ಸಂಜೆ ಕುಳಿತು ಮಾತಾಡಿ

ಮಕ್ಕಳು ಮಲಗಿದ ಮೇಲೆ, ಟಿ.ವಿ. ಆರಿಸಿ, ಆ ಮೂರು ಪುಟಗಳನ್ನು ಇಬ್ಬರೂ ಒಟ್ಟಿಗೆ ಓದಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗಂಡನ ಸಂಬಳ ಗೊತ್ತಿಲ್ಲ, ಗಂಡನಿಗೆ ಹೆಂಡತಿ ಸಂಘದಿಂದ ತೆಗೆದ ಸಾಲ ಗೊತ್ತಿಲ್ಲ. ಬಾಗಿಲ ಮೇಲೆ 'ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು' ಎಂಬ ಯೆಹೋಶುವನ ಮಾತನ್ನು ಫ್ರೇಮು ಹಾಕಿ ತೂಗುಹಾಕಿರುತ್ತೇವೆ. ಒಳಗೆ ಎರಡು ಗುಟ್ಟಿನ ಲೆಕ್ಕಗಳು ನಡೆಯುತ್ತಿರುತ್ತವೆ. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದ ಅನನೀಯ ಮತ್ತು ಸಫೈರಳ ತಪ್ಪು ಭೂಮಿ ಮಾರಿದ ಹಣದಲ್ಲಿ ಒಂದು ಪಾಲನ್ನು ಇಟ್ಟುಕೊಂಡದ್ದಲ್ಲ. ಮಾರುವ ಮುಂಚೆ ಅದು ನಿನ್ನದೇ ಆಗಿತ್ತಲ್ಲವೇ ಎಂದು ಪೇತ್ರನೇ ಕೇಳುತ್ತಾನೆ. ಇಟ್ಟುಕೊಂಡದ್ದನ್ನು ಮರೆಮಾಚಿ ಪೂರ್ತಿ ಕೊಟ್ಟೆವೆಂದು ತೋರಿಸಿಕೊಂಡದ್ದೇ ಅವರ ತಪ್ಪು.

ಮೊದಲ ಸಂಜೆ ತೀರ್ಮಾನ ಬೇಡ, ದೂಷಣೆಯೂ ಬೇಡ. ಬಚ್ಚಿಟ್ಟ ಸಾಲ ಹೊರಬಂದರೆ, 'ಮೊದಲೇ ಏಕೆ ಹೇಳಲಿಲ್ಲ' ಎಂಬ ಪ್ರಶ್ನೆಯನ್ನು ಒಂದು ವಾರ ಮುಂದೂಡಿ, ಎಷ್ಟು, ಯಾರಿಗೆ, ಬಡ್ಡಿ ಎಷ್ಟು ಎಂದಷ್ಟೇ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಇಬ್ಬರೂ ಒಪ್ಪದೆ ಖರ್ಚು ಮಾಡಬಾರದ ಮೊತ್ತವೊಂದನ್ನು ಗೊತ್ತುಮಾಡಿಕೊಳ್ಳಿ. ಒಂದು ಮನೆಗೆ ಅದು 2,000 ರೂಪಾಯಿ ಆಗಬಹುದು, ಇನ್ನೊಂದಕ್ಕೆ 10,000.

ಹಂತ 3: ಮೊದಲ ಪಾಲನ್ನು ಎತ್ತಿಡಿ

ದಶಮಾಂಶದ ಬಗ್ಗೆ ಸಭೆಗಳ ನಿಲುವು ಒಂದೇ ಅಲ್ಲ. ಹಲವು ಸುವಾರ್ತಾ ಸಭೆಗಳು ಹತ್ತರಲ್ಲಿ ಒಂದನ್ನು ಕರ್ತವ್ಯವೆಂದು ಕಲಿಸುತ್ತವೆ. ಕಥೋಲಿಕ ಧರ್ಮಸಭೆಯು ಪ್ರಮಾಣವನ್ನು ಗೊತ್ತುಮಾಡದೆ, ಅವರವರ ಶಕ್ತಿಗೆ ತಕ್ಕಂತೆ ಸಭೆಯ ಅಗತ್ಯಗಳಿಗೆ ನೆರವಾಗಬೇಕೆಂದು ಹೇಳುತ್ತದೆ. ಈ ಚರ್ಚೆಯಲ್ಲಿ ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿರಿ ಎನ್ನುವ ಮಲಾಕಿಯ 3:10ನ್ನು ಎಲ್ಲರೂ ಉದ್ಧರಿಸುತ್ತಾರೆ, ಧರ್ಮೋಪದೇಶಕಾಂಡ 14ನೆಯ ಅಧ್ಯಾಯವನ್ನು ಓದುವವರು ಕಡಿಮೆ. ಅಲ್ಲಿ ದಶಮಾಂಶವನ್ನು ಕುಟುಂಬವು ದೇವರ ಸನ್ನಿಧಿಯಲ್ಲಿ ತಾನೇ ಊಟಮಾಡಿ ಸಂತೋಷಪಡಬೇಕೆಂದೂ, ದೇವಸೇವೆಯ ಕುಲದವನಾದ ಲೇವಿಯನನ್ನು ಕೈಬಿಡಬಾರದೆಂದೂ, ಮೂರು ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಿನಲ್ಲೇ ಕೂಡಿಟ್ಟು ಲೇವಿಯರಿಗೂ ಪರದೇಶಿಗಳಿಗೂ ತಂದೆಯಿಲ್ಲದವರಿಗೂ ವಿಧವೆಯರಿಗೂ ತೃಪ್ತಿಯಾಗುವಂತೆ ಕೊಡಬೇಕೆಂದೂ ವಿಧಿಸಲಾಗಿದೆ. ಆರಾಧನೆ, ಮನೆಯ ಸಂತೋಷ, ಬಡವರ ಹೊಟ್ಟೆ ಈ ಮೂರಕ್ಕೂ ಅದರಲ್ಲಿ ಪಾಲಿತ್ತು ಎಂದಾಯಿತು.

ಪೌಲನು 1 ಕೊರಿಂಥ 16:2ರಲ್ಲಿ ಹೇಳುವ ಕ್ರಮ ಇನ್ನೂ ಸರಳ: ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ತನಗೆ ಬಂದ ಸಂಪಾದನೆಗೆ ಅನುಸಾರವಾಗಿ ತನ್ನ ಮನೆಯಲ್ಲೇ ಎತ್ತಿಡಲಿ. ಇದನ್ನು ಆಚರಣೆಗೆ ತರುವುದು ಹೀಗೆ. ಸಂಬಳದವರು ಹಣ ಖಾತೆಗೆ ಬಂದ ದಿನವೇ ಆ ಪಾಲನ್ನು ಬೇರೆ ಖಾತೆಗೆ ವರ್ಗಾಯಿಸಲಿ ಅಥವಾ ಲಕೋಟೆಯಲ್ಲಿ ಹಾಕಿಡಲಿ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕೊಡುತ್ತೇನೆಂದು ಹೊರಟವರಿಗೆ ಏನೂ ಉಳಿಯುವುದಿಲ್ಲ. ಆಟೋ ಓಡಿಸುವವರೂ ಹೊಲಿಗೆಯವರೂ ದಿನದ ದುಡಿಮೆಯಿಂದ ಡೀಸೆಲ್, ಗ್ಯಾಸ್, ನೂಲು, ಗುಂಡಿಯ ಖರ್ಚನ್ನು ಕಳೆದು, ಉಳಿದದ್ದರ ಮೇಲೆ ಲೆಕ್ಕ ಹಾಕಲಿ. ರೈತರಿಗೆ ಸುಗ್ಗಿಯೇ ಕಾಲ. ಸುಗ್ಗಿ ಹಬ್ಬದ ಭಾನುವಾರ ಗುಡಿಯ ಮುಂದೆ ಕುಂಬಳಕಾಯಿ, ಬಾಳೆಗೊನೆ, ಜೋಳದ ಚೀಲ ರಾಶಿಬಿದ್ದು ಏಲಂ ನಡೆಯುವುದನ್ನು ನೋಡಿದವರಿಗೆ, ನಲವತ್ತು ರೂಪಾಯಿಯ ತೆಂಗಿನಕಾಯಿ ನಾನೂರಕ್ಕೆ ಹೋಗಿ, ಕೊಂಡವರೇ ಅದನ್ನು ಮರಳಿ ಏಲಕ್ಕಿಟ್ಟು ನಗುವ ಸಂಭ್ರಮ ಗೊತ್ತಿರುತ್ತದೆ.

ಹತ್ತರಲ್ಲಿ ಒಂದನ್ನು ಕೊಡಲಾಗದ ಮನೆಗಳಿವೆ. ಅವರು ಶೇಕಡಾ ಎರಡರಿಂದ ಆರಂಭಿಸಿ, ಒಂದು ಸಾಲ ತೀರಿದಂತೆಲ್ಲ ಒಂದೊಂದು ಹೆಚ್ಚಿಸಬಹುದು. ಹಣವೇ ಇಲ್ಲದಿದ್ದರೆ ಧಾನ್ಯ ಉಂಟು. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಣ್ಣುಮಕ್ಕಳು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಎತ್ತಿಡುವ 'ಬುಹ್‌ಫಾಯ್ ಥಮ್' ಎಂಬ ಪದ್ಧತಿಯನ್ನು 1910ರಲ್ಲಿ ಆರಂಭಿಸಿದರು. ಇಂದಿಗೂ ಆ ಹಿಡಿಯಕ್ಕಿ ಅಲ್ಲಿನ ಸಭೆಯ ಸೇವೆಗೆ ದೊಡ್ಡ ಆಧಾರ. ನಮ್ಮ ಹಳ್ಳಿಗಳಿಗೂ ಹಿಡಿಯಕ್ಕಿ ಹೊಸದಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದು, ಕೊಟ್ಟದ್ದು ನೂರರಷ್ಟಾಗಿ ತಿರುಗಿ ಬರುತ್ತದೆಂದು ಆಸೆ ಹುಟ್ಟಿಸಿ, ಚಿನ್ನದ ಸರವನ್ನು ವೇದಿಕೆಯ ಮೇಲೆ ಬಿಚ್ಚಿಸುವ ಕೂಟಗಳಿಂದ ದೂರವಿರಿ. ಅದು ಕಾಣಿಕೆಯ ವೇಷದಲ್ಲಿರುವ ಲಾಟರಿ. ಎರಡು, ಮನೆಯವರ ಅನ್ನವನ್ನು ಕಸಿದು ಕೊಡುವ ಕಾಣಿಕೆಯನ್ನು ಯೇಸುವೇ ಖಂಡಿಸಿದ್ದಾನೆ. ಮಾರ್ಕ 7ರಲ್ಲಿ, ತಂದೆತಾಯಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಅರ್ಪಿತ, ಎಂದು ಹೇಳಿ ಅವರನ್ನು ಕೈಬಿಡುವವರನ್ನು ಅವನು ಕಪಟಿಗಳೆಂದು ಕರೆಯುತ್ತಾನೆ. 1 ತಿಮೊಥೆ 5:8 ಇನ್ನೂ ಕಟುವಾಗಿದೆ: ತನ್ನ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನು ತಿರಸ್ಕರಿಸಿದವನೂ ನಂಬದವನಿಗಿಂತ ಕಡೆಯಾದವನೂ ಆಗಿದ್ದಾನೆ. ಊರಿನಲ್ಲಿ ತಾಯಿಯ ಬಿ.ಪಿ. ಮಾತ್ರೆ ತಪ್ಪಿಸಿ, ಗುಡಿಯ ಗೋಪುರಕ್ಕೆ ಕಲ್ಲು ಕೊಟ್ಟು ಅದರ ಮೇಲೆ ಹೆಸರು ಕೆತ್ತಿಸಿದ ಮಗನಿಗೆ ಈ ಎರಡು ವಚನಗಳನ್ನು ಓದಿಹೇಳುವ ಧೈರ್ಯ ಸಭಾಪಾಲಕರಿಗೆ ಇರಬೇಕು.

ಕೊಟ್ಟ ಹಣಕ್ಕೆ ರಸೀದಿ ಕೇಳುವುದು ಅವಿಶ್ವಾಸವಲ್ಲ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಸಹಾಯಧನವನ್ನು ಪೌಲನು ಒಬ್ಬನೇ ಹೊತ್ತೊಯ್ಯದೆ, ಯಾರೂ ತಪ್ಪು ಹೊರಿಸದಂತೆ ಜೊತೆಗೆ ಬೇರೆಯವರನ್ನು ಕಳುಹಿಸಿದನೆಂದು 2 ಕೊರಿಂಥ 8ರಲ್ಲಿದೆ. ಕಾಣಿಕೆಯನ್ನು ಇಬ್ಬರಿಗಿಂತ ಕಡಿಮೆ ಜನ ಎಣಿಸಬಾರದೆಂಬ ನಿಯಮವನ್ನು ಪಾಲಿಸುವ ಸಭೆಯಲ್ಲಿ ಖಜಾಂಚಿಯ ನಿದ್ದೆಯೂ ಚೆನ್ನಾಗಿರುತ್ತದೆ. ಇದು ಅನುಭವದ ಮಾತು.

ಹಂತ 4: ತಿಂಗಳ ಲೆಕ್ಕ

ಲೂಕ 14:28ರಲ್ಲಿ ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಹಾಕುತ್ತಾನೆ. ನಾವೂ ಕುಳಿತುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿರುವ, ಇಬ್ಬರು ಮಕ್ಕಳೂ ವಯಸ್ಸಾದ ತಾಯಿಯೂ ಇರುವ ಒಂದು ಕುಟುಂಬಕ್ಕೆ ಕೈಗೆ ಬರುವ ಹಣ ತಿಂಗಳಿಗೆ 45,000 ರೂಪಾಯಿ ಎಂದು ಭಾವಿಸೋಣ. ದಶಮಾಂಶಕ್ಕೆ 4,500, ತಾಯಿಯ ಔಷಧ, ತಪಾಸಣೆಗೆ 3,000, ಬಾಡಿಗೆ 9,000, ದಿನಸಿ, ತರಕಾರಿ, ಹಾಲು, ಗ್ಯಾಸಿಗೆ 11,500, ಶಾಲೆಯ ಶುಲ್ಕಕ್ಕೆ ತಿಂಗಳು ತಿಂಗಳು ಎತ್ತಿಡುವುದು 5,000, ಬಸ್ಸು, ಪೆಟ್ರೋಲಿಗೆ 3,000, ವಿದ್ಯುತ್ತು, ನೀರು, ಫೋನಿಗೆ 1,800, ಆರೋಗ್ಯ ಮತ್ತು ಜೀವವಿಮೆಗೆ 1,700, ಆಪತ್ತಿನ ನಿಧಿಗೆ 3,000. ಉಳಿಯುವ 2,500ರಲ್ಲಿ ಬಟ್ಟೆ, ಮದುವೆ ಮುಂಜಿಯ ಉಡುಗೊರೆ, ಅತಿಥಿಗಳ ಸತ್ಕಾರ, ಮಕ್ಕಳ ಐಸ್‌ಕ್ರೀಮ್ ಎಲ್ಲ ಆಗಬೇಕು. ಬಿಗಿಯಾದ ಲೆಕ್ಕ, ನಿಜ. ಆದರೆ ಕಾಗದದ ಮೇಲೆ ಬಿಗಿ ಕಾಣುವುದೇ ಒಳ್ಳೆಯದು, ಏಕೆಂದರೆ ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ 60,000 ಕಟ್ಟಬೇಕಾದಾಗ ಅದು ಆಕಾಶದಿಂದ ಬಿದ್ದ ಸಿಡಿಲಾಗುವುದಿಲ್ಲ.

ಆಪತ್ತಿನ ನಿಧಿ ಎಂದರೆ ದೇವರಲ್ಲಿ ನಂಬಿಕೆ ಇಲ್ಲವೆಂದರ್ಥವೇ ಎಂದು ಕೆಲವರು ಕೇಳುತ್ತಾರೆ. ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ನಾಳೆಗೆಂದು ಇಟ್ಟುಕೊಂಡವರಿಗೆ ಅದು ಹುಳಬಿದ್ದು ನಾತ ಹೊಡೆಯಿತು, ಹೌದು. ಆದರೆ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಕೊಳ್ಳಲು ಅಪ್ಪಣೆಯಿತ್ತು, ಅದು ಕೆಡಲಿಲ್ಲ. ಯೋಸೇಫನು ಏಳು ವರ್ಷದ ಸುಭಿಕ್ಷದಲ್ಲಿ ಐದರಲ್ಲಿ ಒಂದು ಪಾಲನ್ನು ಕಣಜಕ್ಕೆ ತುಂಬಿಸಿದನು. ಮೂರರಿಂದ ಆರು ತಿಂಗಳ ಮನೆಖರ್ಚಿನಷ್ಟು ಹಣ ಕೈಗೆ ಸಿಗುವಂತಿರುವುದು ಮಿತವಾದ ಜಾಗ್ರತೆ. ಅದಕ್ಕೂ ಮೀರಿ ಕಣಜಗಳನ್ನು ಕೆಡವಿ ಇನ್ನೂ ದೊಡ್ಡದನ್ನು ಕಟ್ಟಲು ಹೊರಟ ಲೂಕ 12ರ ಐಶ್ವರ್ಯವಂತನ ಕಥೆ ಬೇರೆ.

ಆ ನಿಧಿಯನ್ನು ಎಲ್ಲಿಡಬೇಕೆಂಬುದೂ ಮುಖ್ಯ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯಿದೆ. ಈ ಮಿತಿ 2020ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಬಡ್ಡಿ ಒಂದೆರಡು ಶೇಕಡಾ ಹೆಚ್ಚೆಂಬ ಆಸೆಗೆ, ಸಂಘದ ಅಧ್ಯಕ್ಷರು ನಮ್ಮ ಸಭೆಯವರೇ ಎಂಬ ಧೈರ್ಯಕ್ಕೆ ಇಡೀ ನಿವೃತ್ತಿ ಹಣವನ್ನು ಅಂಥಲ್ಲಿ ಸುರಿದು ಕಣ್ಣೀರಿಟ್ಟವರನ್ನು ಬಲ್ಲೆ. ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದದ್ದಕ್ಕೇ ಹಾಕಿ. ಆರಾಧನೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆಂಬುದು ನೋಂದಣಿಗೆ ಸಮವಲ್ಲ.

ಹಂತ 5: ಸಾಲ ಮತ್ತು ಜಾಮೀನು

ಸಾಲಗಾರನು ಸಾಲಕೊಟ್ಟವನಿಗೆ ಸೇವಕ ಎಂಬ ಜ್ಞಾನೋಕ್ತಿ 22:7 ನಮ್ಮ ಊರುಗಳಲ್ಲಿ ಅಕ್ಷರಶಃ ನಿಜವಾಗುವುದು ಕೈಬಡ್ಡಿಯಲ್ಲಿ. 'ನೂರಕ್ಕೆ ಮೂರು' ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳ ಬಡ್ಡಿ, ವರ್ಷಕ್ಕೆ ಶೇಕಡಾ 36. ನೂರಕ್ಕೆ ಐದು ಎಂದರೆ ವರ್ಷಕ್ಕೆ 60. ಮೀಟರ್ ಬಡ್ಡಿಯ ಲೆಕ್ಕವನ್ನು ಇಲ್ಲಿ ಹಾಕುವುದೇ ಬೇಡ. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಪ್ರಕರಣಗಳ ಬಳಿಕ 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಬಲಾತ್ಕಾರದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಬಲಾತ್ಕಾರ ನಡೆದರೆ ಪೊಲೀಸರಿಗೆ ದೂರು ಕೊಡಲು ಸಂಕೋಚಪಡಬೇಡಿ.

ಸಾಲ ತೀರಿಸುವ ಕ್ರಮಕ್ಕೆ ಸತ್ಯವೇದದಲ್ಲೇ ಒಂದು ನಕ್ಷೆಯಿದೆ. 2 ಅರಸುಗಳು 4ರಲ್ಲಿ ಪ್ರವಾದಿಮಂಡಲಿಯ ಒಬ್ಬ ವಿಧವೆಯ ಇಬ್ಬರು ಮಕ್ಕಳನ್ನು ಸಾಲಕೊಟ್ಟವನು ದಾಸರನ್ನಾಗಿ ಒಯ್ಯಲು ಬಂದಾಗ, ಎಲೀಷನು ಮೊದಲು ಕೇಳಿದ್ದು 'ಮನೆಯಲ್ಲಿ ಏನಿದೆ' ಎಂದು. ಒಂದು ಮೊಗೆ ಎಣ್ಣೆ ಇತ್ತು. ಆಮೇಲೆ ನೆರೆಯವರಿಂದ ಬರಿದಾದ ಪಾತ್ರೆಗಳನ್ನು ತರಿಸಿದನು. ಎಣ್ಣೆ ತುಂಬಿದ ಮೇಲೆ ಹೇಳಿದ್ದು: ಮಾರಿ ಸಾಲ ತೀರಿಸು, ಉಳಿದದ್ದರಿಂದ ನೀನೂ ಮಕ್ಕಳೂ ಜೀವನಮಾಡಿರಿ. ಇರುವುದರ ಪಟ್ಟಿ, ನೆರೆಯವರ ನೆರವು, ದುಡಿಮೆ, ಸಾಲ, ಆಮೇಲೆ ಜೀವನ ಎಂಬ ಈ ಕ್ರಮದಲ್ಲಿ ಅದ್ಭುತ ನಡೆದದ್ದು ನಡುವಿನಲ್ಲಿ ಮಾತ್ರ. ಉಳಿದದ್ದೆಲ್ಲ ವಿಧವೆ ಮಾಡಬೇಕಾದ ಕೆಲಸವೇ. ನಿಮ್ಮ ಪುಸ್ತಕದ ಎರಡನೆಯ ಪುಟದ ಸಾಲಗಳನ್ನು ಬಡ್ಡಿಯ ದರದ ಪ್ರಕಾರ ಮೇಲಿನಿಂದ ಕೆಳಕ್ಕೆ ಬರೆದು, ಉಳಿದವುಗಳ ಕಂತನ್ನು ತಪ್ಪಿಸದೆ, ಹೆಚ್ಚು ಬಡ್ಡಿಯದನ್ನು ಮೊದಲು ಮುಗಿಸಿ. ಪೆಟ್ಟಿಗೆಯಲ್ಲಿ ಚಿನ್ನವಿಟ್ಟುಕೊಂಡು ನೂರಕ್ಕೆ ಐದರ ಬಡ್ಡಿ ಕಟ್ಟುವುದು ಯಾವ ಲೆಕ್ಕಕ್ಕೂ ಸಿಗದ ವ್ಯವಹಾರ.

ಜಾಮೀನಿನ ವಿಷಯದಲ್ಲಿ ಜ್ಞಾನೋಕ್ತಿಗಳ ಗ್ರಂಥ ಪದೇ ಪದೇ ಎಚ್ಚರಿಸುತ್ತದೆ. ಜಾಮೀನಾದವನ ಕೆಳಗಿನ ಹಾಸಿಗೆಯನ್ನೂ ಕಿತ್ತುಕೊಳ್ಳುತ್ತಾರೆ ಎಂಬಷ್ಟು ನೇರವಾಗಿ. ಸಹೋದರ ವಿಶ್ವಾಸಿ ಸಹಿ ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಆಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅವನು ಕಟ್ಟದಿದ್ದರೆ ಈ ಮೊತ್ತವನ್ನು ನನ್ನ ಮಕ್ಕಳ ಶುಲ್ಕಕ್ಕೆ ಕೈಹಾಕದೆ ಕಟ್ಟಬಲ್ಲೆನೇ? ಆಗದು ಎಂದಾದರೆ ಸಹಿಯ ಬದಲು, ನಿಮ್ಮಿಂದಾಗುವ ಐದೋ ಹತ್ತೋ ಸಾವಿರವನ್ನು ಹಿಂದಿರುಗಿ ಕೇಳದ ಹಾಗೆ ಕೊಟ್ಟುಬಿಡಿ.

ಮದುವೆಯ ಸಾಲದ ಬಗ್ಗೆ ಒಂದೇ ಮಾತು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಸಾಲದೆ ಬಂತು, ಆದರೂ ಮದುವೆ ನಡೆಯಿತು.

ಹಂತ 6: ಮನೆಮಂದಿ

ಮಕ್ಕಳು ಯೆಹೋವನಿಂದ ಬಂದ ಸ್ವಾಸ್ತ್ಯ ಎಂದು ಕೀರ್ತನೆ 127 ಹೇಳುತ್ತದೆ. ಸ್ವಾಸ್ತ್ಯ ಎಂಬುದು ಆಸ್ತಿಯ ಮಾತೇ; ಆದರೆ ಇದು ನಾವು ಬಳಸಿ ಮುಗಿಸುವ ಆಸ್ತಿಯಲ್ಲ, ಬೆಳೆಸಿ ಒಪ್ಪಿಸಬೇಕಾದದ್ದು. ಮಕ್ಕಳಿಗೆ ಲೆಕ್ಕ ಕಲಿಸಲು ಮೂರು ಡಬ್ಬಿಗಳು ಸಾಕು: ಕೊಡುವುದಕ್ಕೆ, ಉಳಿಸುವುದಕ್ಕೆ, ಖರ್ಚಿಗೆ. ಅಜ್ಜಿ ಕೊಟ್ಟ ನೂರು ರೂಪಾಯಿಯನ್ನು ಮಗು ತಾನೇ ಮೂರಕ್ಕೂ ಹಂಚಲಿ. ಸಂಡೇಸ್ಕೂಲಿನ ಕಾಣಿಕೆಗೆ ಭಾನುವಾರ ಬೆಳಿಗ್ಗೆ ಅಪ್ಪನ ಜೇಬಿನಿಂದ ಹತ್ತು ರೂಪಾಯಿ ತೆಗೆದುಕೊಡುವುದರಿಂದ ಮಗುವಿಗೆ ಅಪ್ಪನ ಜೇಬು ಎಲ್ಲಿದೆ ಎಂಬುದು ಮಾತ್ರ ತಿಳಿಯುತ್ತದೆ.

ಸಮಯವೂ ಒಪ್ಪಿಸಲ್ಪಟ್ಟದ್ದೇ. ಕ್ರೈಸ್ತ ಮನೆಗಳಲ್ಲಿ ಹೆಚ್ಚು ಕಾಣುವ ಪೋಲು ಹಣದ್ದಲ್ಲ, ಸಂಜೆಗಳದ್ದು ಎಂಬುದು ನನ್ನ ಅಭಿಪ್ರಾಯ. ಧರ್ಮೋಪದೇಶಕಾಂಡ 6 ದೇವರ ಮಾತುಗಳನ್ನು ಮನೆಯಲ್ಲಿ ಕೂತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ಹೇಳಬೇಕೆಂದಾಗ, ಅದಕ್ಕೆ ಮೊದಲು ಮಕ್ಕಳೊಂದಿಗೆ ಕೂತಿರಬೇಕು, ನಡೆಯಬೇಕು ಎಂಬುದು ತಾನಾಗಿ ಬರುತ್ತದೆ. ಕುಟುಂಬ ಪ್ರಾರ್ಥನೆಯನ್ನು ಹದಿನೈದು ನಿಮಿಷಕ್ಕೆ ಮುಗಿಸಿ. ಒಂದು ಹಾಡು, ಒಂದು ಸಣ್ಣ ಭಾಗದ ಓದು, ಆ ದಿನ ಮನೆಯಲ್ಲಿ ನಡೆದದ್ದನ್ನು ಹೆಸರಿಸಿ ಪ್ರಾರ್ಥನೆ. ಸಭೆಯ ಕಮಿಟಿ, ಗಾಯನತಂಡ, ಉಪವಾಸ ಕೂಟಗಳಲ್ಲಿ ವಾರದ ಐದು ಸಂಜೆ ಕಳೆಯುವ ತಂದೆಯೂ ತಾಯಿಯೂ ತಮ್ಮ ಸಮಯದ ಕೊರ್ಬಾನ್ ಬಗ್ಗೆ ಯೋಚಿಸಬೇಕು.

ಮೂರನೆಯ ಪುಟದಲ್ಲಿ ಮನೆಗೆಲಸದವಳ ಹೆಸರಿತ್ತು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡಬೇಕೆಂದು ಧರ್ಮೋಪದೇಶಕಾಂಡ 24 ಹೇಳುತ್ತದೆ. ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬನು ಬರೆಯುತ್ತಾನೆ. ಒಂದನೆಯ ತಾರೀಕಿಗೇ ಸಂಬಳ, ವಾರಕ್ಕೊಂದು ರಜೆ, ಕ್ರಿಸ್‌ಮಸ್‌ಗೆ ಹಳೆಯ ಸೀರೆಯ ಬದಲು ಒಂದು ತಿಂಗಳ ಹೆಚ್ಚುವರಿ ಸಂಬಳ. ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳ ತಟ್ಟೆಯನ್ನು ಬೀದಿಯ ಮನೆಗಳಿಗೆಲ್ಲ ಹಂಚುವಾಗ ಮೊದಲ ತಟ್ಟೆ ಅದನ್ನು ಕರಿಯಲು ನೆರವಾದವಳ ಮನೆಗೆ ಹೋಗಲಿ.

ಹಂತ 7: ಉಯಿಲು

ಇದನ್ನು ಬರೆಯುವುದೆಂದರೆ ಸಾವನ್ನು ಕರೆದಂತೆ ಎಂದು ಹೆದರುವವರು ನಮ್ಮಲ್ಲೂ ಇದ್ದಾರೆ, ಪುನರುತ್ಥಾನದ ಮೇಲೆ ನಂಬಿಕೆಯಿಟ್ಟವರೂ ಸಹ. ಉಯಿಲು ಬೇಕೇ ಬೇಕು ಎಂದು ನಾನು ಒತ್ತಿಹೇಳುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ.

ಕರ್ನಾಟಕದ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಹಿಂದೂ ಅವಿಭಕ್ತ ಕುಟುಂಬದಲ್ಲಿರುವಂತೆ ಹುಟ್ಟಿನಿಂದಲೇ ಬರುವ ಪಾಲು ಇಲ್ಲಿಲ್ಲ. ತಂದೆ ಬದುಕಿರುವವರೆಗೆ ಅವನ ಆಸ್ತಿ ಅವನದೇ. ಉಯಿಲಿಲ್ಲದೆ ಗಂಡ ತೀರಿಕೊಂಡು ಹೆಂಡತಿಯೂ ಮಕ್ಕಳೂ ಇದ್ದರೆ, ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ. ಇಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ: ಸತ್ತವನಿಗೆ ಮಕ್ಕಳಿದ್ದರೆ ಅವನ ತಂದೆತಾಯಿಗೆ ಈ ಕಾಯ್ದೆಯಡಿ ಏನೂ ಸಿಗುವುದಿಲ್ಲ. ಅಂದರೆ ಮೇಲಿನ ನಮ್ಮ ಹುಬ್ಬಳ್ಳಿಯ ಕುಟುಂಬದಲ್ಲಿ ಮಗ ಅಕಸ್ಮಾತ್ ತೀರಿಹೋದರೆ, ಅವನ ದುಡಿಮೆಯ ಮೇಲೇ ಬದುಕಿದ್ದ ತಾಯಿ ಅವನ ಆಸ್ತಿಯಲ್ಲಿ ಪಾಲಿಲ್ಲದೆ ಸೊಸೆಯ ದಯೆಗೆ ಬೀಳುತ್ತಾಳೆ. ಯೋಹಾನ 19ರಲ್ಲಿ ಶಿಲುಬೆಯ ಮೇಲಿನಿಂದ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ್ದನ್ನು ಶುಭಶುಕ್ರವಾರ ಪ್ರತಿವರ್ಷ ಕೇಳುತ್ತೇವೆ. ಒಪ್ಪಿಸುವ ಆ ಕೆಲಸವನ್ನು ನಾವು ಮಾಡಬಹುದಾದ ಕಾಗದವೇ ಉಯಿಲು.

ಅದನ್ನು ಬರೆಯಲು ಛಾಪಾಕಾಗದ ಬೇಕಿಲ್ಲ, ಬಿಳಿಯ ಹಾಳೆ ಸಾಕು. ಸ್ಪಷ್ಟ ಕನ್ನಡದಲ್ಲಿ, ಪ್ರತಿಯೊಂದು ಸ್ವತ್ತಿನ ವಿವರದೊಂದಿಗೆ, ಯಾರಿಗೆ ಏನು ಎಂದು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ. ಅವರೂ ನಿಮ್ಮ ಎದುರು ಸಹಿ ಮಾಡಲಿ. ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ ಇಲ್ಲವೇ ಹೆಂಡತಿಗೆ ಆ ಉಯಿಲಿನಲ್ಲಿ ಏನಾದರೂ ಬರೆದಿದ್ದರೆ ಆ ಭಾಗ ಅನೂರ್ಜಿತವಾಗುತ್ತದೆ. ಆದ್ದರಿಂದ ಮಗಳಿಗೆ ಮನೆ ಬರೆದು ಅಳಿಯನಿಂದ ಸಾಕ್ಷಿ ಹಾಕಿಸುವ ತಪ್ಪನ್ನು ಮಾಡಬೇಡಿ. ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಾದೊಡನೆ ತಾನಾಗಿ ರದ್ದಾಗುತ್ತದೆ. ವಿಧುರರು ಮರುಮದುವೆಯಾದಾಗ ಇದನ್ನು ಮರೆತು ಮೊದಲ ಹೆಂಡತಿಯ ಮಕ್ಕಳು ಕೋರ್ಟು ಹತ್ತಿದ್ದುಂಟು. ತಂದೆಯು ಉಯಿಲಿನಲ್ಲೇ ಅಪ್ರಾಪ್ತ ಮಕ್ಕಳಿಗೆ ಪೋಷಕರನ್ನು ನೇಮಿಸಬಹುದು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮಾಡಿಸಿಡುವುದು ಜಗಳವನ್ನು ಕಡಿಮೆ ಮಾಡುತ್ತದೆ. ಆಸ್ತಿ ತೊಡಕಿನದಾಗಿದ್ದರೆ ವಕೀಲರನ್ನು ಕಾಣಿ.

ಸಭೆಗೋ ಅನಾಥಾಲಯಕ್ಕೋ ಬರೆಯಬಯಸುವವರಿಗೆ ಹಿಂದೆ ಇದೇ ಕಾಯ್ದೆಯ 118ನೆಯ ಕಲಮು ಅಡ್ಡಿಯಾಗಿತ್ತು: ಹತ್ತಿರದ ಸಂಬಂಧಿಗಳಿರುವವರು ಸಾಯುವುದಕ್ಕೆ ಕನಿಷ್ಠ ಹನ್ನೆರಡು ತಿಂಗಳು ಮುಂಚೆ ಬರೆದಿರಬೇಕು ಎಂಬ ನಿರ್ಬಂಧವಿತ್ತು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಈಗ ದಾರಿ ಸಲೀಸಾಗಿರುವುದರಿಂದಲೇ, ಮೊದಲು ಮನೆಯವರು, ಆಮೇಲೆ ಸಭೆ ಎಂಬ 1 ತಿಮೊಥೆಯ ಕ್ರಮ ನೆನಪಿರಲಿ.

ಹೆಣ್ಣುಮಕ್ಕಳಿಗೆ 'ಮದುವೆಯಲ್ಲಿ ಕೊಟ್ಟಾಯಿತಲ್ಲ' ಎಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಸಂಪ್ರದಾಯ ಕ್ರೈಸ್ತ ಮನೆಗಳಲ್ಲೂ ಇದೆ. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲು ಕೇಳಿದಾಗ, ಅವರು ಹೇಳುವುದು ನ್ಯಾಯವಾಗಿದೆ ಎಂಬ ಉತ್ತರ ದೇವರಿಂದಲೇ ಬಂತು. ಕೇರಳದಲ್ಲಿ ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದದ್ದೂ ಇದೇ 1925ರ ಕಾಯ್ದೆಯ ಸಮಪಾಲನ್ನು. ನಮ್ಮ ಹಿರಿಯರಿಗೂ ಪಾಲು ತಪ್ಪಿದ ನೋವು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಬಳಿಕ ಕ್ರಿಸ್ತನನ್ನು ಅಂಗೀಕರಿಸಿದವರಲ್ಲಿ ಅನೇಕರು ಮನೆಯಿಂದಲೂ ಕಸುಬಿನಿಂದಲೂ ಹೊರಬಿದ್ದರು. ಮತಾಂತರದಿಂದ ಉತ್ತರಾಧಿಕಾರ ಹೋಗದೆಂಬ ಕಾನೂನು ಬಂದದ್ದು 1850ರಲ್ಲಿ. ಅಂಥವರ ಜೀವನಕ್ಕಾಗಿಯೇ ಮಿಷನ್ ನೇಯ್ಗೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಪಾಲಿಲ್ಲದೆ ಹೊರಬಿದ್ದವರ ಮೊಮ್ಮಕ್ಕಳು ತಂಗಿಯರ ಪಾಲನ್ನು ತಡೆಯುವುದು ವಿಚಿತ್ರವಾಗಿ ಕಾಣುತ್ತದೆ.

ನಾಮಿನಿಯ ಬಗ್ಗೆ ಒಂದು ಗೊಂದಲವನ್ನು ಬಿಡಿಸಬೇಕು. ಬ್ಯಾಂಕಿನ ಠೇವಣಿಗೆ ನಾಮಿನಿಯಾದವನು ಆ ಹಣದ ಒಡೆಯನಲ್ಲ; ವಾರಸುದಾರರ ಪರವಾಗಿ ಪಡೆದುಕೊಂಡು ಅವರಿಗೆ ಒಪ್ಪಿಸಬೇಕಾದವನು. ಕಾನೂನು ಕಂಡುಹಿಡಿದ ಮನೆವಾರ್ತೆಯವನು ಎಂದರೆ ಅವನೇ. ಇನ್ನು ಬದುಕಿರುವಾಗಲೇ ಮಕ್ಕಳಿಗೆ ದಾನಪತ್ರ ಮಾಡಿಕೊಡುವ ವೃದ್ಧರು, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಹಾಗಿದ್ದರೆ, ಮಕ್ಕಳು ಕೈಬಿಟ್ಟಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ಆ ದಾನವನ್ನು ರದ್ದುಪಡಿಸಿಕೊಳ್ಳಲು ದಾರಿಯಿರುತ್ತದೆ.

ವರ್ಷಕ್ಕೊಮ್ಮೆ ಪುಸ್ತಕ ತೆರೆಯುವ ದಿನ

ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ ಹೊರಡುವ ಮುಂಚೆ ಒಂದು ಗಂಟೆ ಇದಕ್ಕೆ ಮೀಸಲಿಡಿ. ಮೂರೂ ಪುಟಗಳನ್ನು ಹೊಸದಾಗಿ ಬರೆಯಿರಿ. ತೀರಿದ ಸಾಲದ ಮೇಲೆ ಗೆರೆ ಎಳೆಯುವ ಕೆಲಸವನ್ನು ಮಕ್ಕಳಿಗೆ ಕೊಡಿ, ಅವರಿಗೆ ಅದು ಇಷ್ಟವಾಗುತ್ತದೆ. ಹದಿನಾರು ದಾಟಿದ ಮಕ್ಕಳಿಗೆ ಇಡೀ ಪುಸ್ತಕವನ್ನು ಓದಲು ಬಿಡಿ. ಹೊಸ ಫೋನು ಏಕೆ ಬರಲಿಲ್ಲವೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ನಾಮಿನಿಗಳ ಹೆಸರನ್ನು ಮತ್ತೊಮ್ಮೆ ನೋಡಿ, ಉಯಿಲಿನಲ್ಲಿ ಬದಲಾಯಿಸಬೇಕಾದದ್ದಿದ್ದರೆ ಗುರುತು ಹಾಕಿಕೊಂಡು, ಪುಸ್ತಕವನ್ನು ಬೀರುವಿನಲ್ಲಿ ಪಾಲಿಸಿಗಳ ಜೊತೆಗಿಟ್ಟು, ಬೀಗದ ಕೈ ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ತೋರಿಸಿ ಹೊರಡಿ.